ಮಂಜಿನ ದನಿಗೆ ಉತ್ತರ ಕೊಟ್ಟ ವಿದ್ಯಾರ್ಥಿನಿ

ಬೆಳಗಿನ ಏಳು ಗಂಟೆ. ಕಿಟಕಿಯಾಚೆ ಕೊಲ್ಲಿ ಇರಬೇಕಾದ ಕಡೆ ಬರೀ ಬಿಳುಪು. ಮಂಜು ಗಾಜಿಗೆ ಅಂಟಿಕೊಂಡು ಒಳಗೆ ಇಣುಕಿ ನೋಡುವಂತಿದೆ. ವಾರ್ಡಿನ ಉದ್ದನೆಯ ಓಣಿಯಲ್ಲಿ ಜನೀನ್ ವಿಲ್‌ಕಾಕ್ ಸದ್ದಾಗದ ಹಾಗೆ ನಡೆಯುತ್ತಿದ್ದಾರೆ. ಎಡಗೈಯಲ್ಲಿ ರಟ್ಟು, ಅದಕ್ಕೆ ಸಿಕ್ಕಿಸಿದ ಹಾಳೆ, ಬಲಗೈಯಲ್ಲಿ ದಾರ ಕಟ್ಟಿದ ಪೆನ್ನು. ಓಣಿಗೆ ಹದಿನಾರು ಬಾಗಿಲು, ಪ್ರತಿ ಬಾಗಿಲಿಗೂ ಅಂಗೈಯಗಲದ ಗಾಜು. ಜನೀನ್ ಗಾಜಿನೊಳಗೆ ನೋಡುತ್ತಾರೆ, ಒಳಗಿರುವವರ ಎದೆ ಎರಡು ಸಲ ಏರಿಳಿಯುವ ತನಕ ಕಾಯುತ್ತಾರೆ, ಹಾಳೆಯ ಮೇಲೊಂದು ಗುರುತು ಹಾಕುತ್ತಾರೆ, ಮುಂದಕ್ಕೆ ಹೋಗುತ್ತಾರೆ. ಕಾಲು ಗಂಟೆ ಕಳೆದರೆ ಮತ್ತೆ ಮೊದಲ ಬಾಗಿಲು.

ಒಂಬತ್ತನೆಯ ಬಾಗಿಲಿನ ಗಾಜಿಗೆ ಒಂದು ಮುಖ ಆತುಕೊಂಡು ನಿಂತಿದೆ. ಉಸಿರು ತಾಗಿ ಗಾಜಿನ ಕೆಳಗಿನ ಅರ್ಧ ಮಸುಕಾಗಿದೆ. ಕಣ್ಣು ಮಾತ್ರ ಕಾಣುತ್ತವೆ. ಜನೀನ್ ಬಾಗಿಲು ತೆರೆಯುತ್ತಾರೆ.

"ಗುಡ್ ಮಾರ್ನಿಂಗ್, ಮ್ಯೂರಿಯಲ್."

"ಅವನಿಗೂ ಹೇಳು."

"ಯಾರಿಗೆ?"

"ಹಾಸಿಗೆ ಮೇಲೆ ಕೂತಿದಾನಲ್ಲ. ಆಗ್ಲಿಂದ ಕೂತೇ ಇದಾನೆ. ಷೂ ಬೇರೆ ಬಿಚ್ಚಿಲ್ಲ."

"ನಂಗೆ ಕಾಣ್ತಿಲ್ಲ ಬಂಗಾರ. ನಿಮಗೆ ಕಾಣ್ತಿದಾನೆ ಅಂತ ಗೊತ್ತು. ಭಯ ಆಗ್ತಿದ್ಯಾ?"

"ಭಯ ಏನಕ್ಕೆ? ಚಾದರ ಕೊಳೆ ಆಗುತ್ತೆ ಅಂತ."

"ಹಾಗಾದ್ರೆ ತಿಂಡಿ ಆದ್ಮೇಲೆ ಇಬ್ರೂ ಸೇರಿ ಚಾದರ ಬದಲಾಯ್ಸೋಣ."

ಮ್ಯೂರಿಯಲ್ ಒಮ್ಮೆ ಹಿಂದಿರುಗಿ ಹಾಸಿಗೆಯನ್ನು ನೋಡುತ್ತಾರೆ. ಯಾರನ್ನೋ ಕೇಳಿಕೊಂಡಂತೆ ತಲೆಯಾಡಿಸಿ, ಒಪ್ಪುತ್ತಾರೆ. ಜನೀನ್ ಹಾಳೆಯ ಮೇಲೆ ಗುರುತು ಹಾಕಿ ಹತ್ತನೆಯ ಬಾಗಿಲಿಗೆ ಹೋಗುತ್ತಾರೆ. ಓಣಿಯ ಕೊನೆಯಲ್ಲಿ, ಊಟದ ಕೋಣೆಯ ಬಾಗಿಲಲ್ಲಿ ನಿಂತ ನನಗೆ ಆ ಹಾಸಿಗೆಯ ಕಡೆ ನೋಡಲು ಯಾಕೋ ಮನಸ್ಸಾಗುವುದಿಲ್ಲ. ನನಗೆ ಇಲ್ಲಿಯ ತನಕ ಬರಲು ಮಾತ್ರ ಅನುಮತಿಯಿದೆ. ಈ ಬರಹದಲ್ಲಿ ಬರುವ ರೋಗಿಗಳ ಹೆಸರು ಬದಲಿಸಿದ್ದೇನೆ, ಆಸ್ಪತ್ರೆಯ ಹೆಸರು ಹೇಳುವುದಿಲ್ಲ.

ಜನೀನ್‌ಗೆ ಐವತ್ತೆರಡು ವರ್ಷ. ಬಿಳಿ ಅಂಗಿಯ ತೋಳಿನ ಮೇಲೆ 'ವಿದ್ಯಾರ್ಥಿ' ಎಂಬ ಪಟ್ಟಿ. ಮಾನಸಿಕ ಆರೋಗ್ಯ ಶುಶ್ರೂಷೆಯ ಪದವಿಯ ಮೂರನೆಯ ಮತ್ತು ಕೊನೆಯ ವರ್ಷ. ಇಂಗ್ಲೆಂಡಿನ ಲ್ಯಾಂಕಷೈರಿನ ಈ ಕೊಲ್ಲಿಯ ದಡಕ್ಕೆ ನಾನು ಬಂದು ಇಪ್ಪತ್ತಮೂರು ವರ್ಷವಾಯಿತು. ಜನೀನ್ ಪರಿಚಯವಾದದ್ದು ಬೆಳಗಿನ ಐದು ನಲವತ್ತರ ಬಸ್ಸಿನಲ್ಲಿ. ಎಲ್ಲರೂ ತೂಕಡಿಸುವ ಆ ಬಸ್ಸಿನಲ್ಲಿ ಒಬ್ಬ ಹೆಂಗಸು ಮಾತ್ರ ಇಸ್ಪೀಟಿನ ಎಲೆಯಂಥ ಚೀಟಿಗಳನ್ನು ತಿರುವುತ್ತಾ ತುಟಿಯಲ್ಲೇ ಏನೋ ಜಪಿಸುತ್ತಿದ್ದರು. ಮಂತ್ರ ಹೇಳುತ್ತಿದ್ದಾರೇನೋ ಅಂದುಕೊಂಡಿದ್ದೆ. ಮಾತ್ರೆಗಳ ಹೆಸರು ಬಾಯಿಪಾಠ ಮಾಡುತ್ತಿದ್ದರಂತೆ.

ಮೂರು ವರ್ಷದಲ್ಲಿ ಎರಡು ಸಾವಿರದ ಮುನ್ನೂರು ಗಂಟೆ ವಾರ್ಡಿನಲ್ಲಿ ದುಡಿಯಬೇಕು, ಅಷ್ಟೇ ಗಂಟೆ ಓದಿಗೆ ಕೊಡಬೇಕು. ಒಂದು ಶಿಫ್ಟ್ ಅಂದರೆ ಹನ್ನೆರಡೂವರೆ ಗಂಟೆ. ಗಾಜಿನೊಳಗೆ ನೋಡುವ ಕೆಲಸ ಅವರ ಪಾಲಿಗೆ ಬಂದ ದಿನ ಗಂಟೆಗೆ ಅರವತ್ತನಾಲ್ಕು ಸಲ ಯಾರಾದರೂ ಉಸಿರಾಡುತ್ತಿದ್ದಾರೆಯೇ ಎಂದು ನೋಡಬೇಕು. ಇವರ ಜೊತೆ ತರಗತಿಗೆ ಸೇರಿದವರು ನಲವತ್ತೊಂದು ಜನ. ಈಗ ಉಳಿದವರು ಇಪ್ಪತ್ತಾರು. ಹೋದವರಲ್ಲಿ ಹೆಚ್ಚಿನವರು ಇಪ್ಪತ್ತರ ಆಸುಪಾಸಿನವರು. "ಪಾಪ, ಮನೆಗೆ ಹೋದ್ಮೇಲೂ ಅವ್ರಿಗೆ ವಾರ್ಡು ಬಿಡ್ತಿರ್ಲಿಲ್ಲ" ಅನ್ನುತ್ತಾರೆ ಜನೀನ್. "ನಂಗೆ ಆ ತಾಪತ್ರಯ ಇರ್ಲಿಲ್ಲ. ನಾನು ಹುಟ್ಟಿ ಬೆಳೆದದ್ದೇ ಅಂಥಾ ಮನೇಲಿ."

ಅಂಥ ಮನೆ ಎಂದರೆ, ಅಡುಗೆಮನೆಯ ಮೇಜಿನ ತುಂಬ ಬೇಯಿಸಿದ ಸೀಗಡಿ, ಮೇಜಿನ ಎರಡೂ ಕಡೆ ತಾಯಿ ಮಗಳು. ತಾಯಿ ಐರೀನ್ ಸೀಗಡಿ ಸುಲಿಯುವುದರಲ್ಲಿ ಕೇರಿಗೇ ಚುರುಕು. ಆದರೆ ಸುಲಿಯುತ್ತಾ ಸುಲಿಯುತ್ತಾ ಒಮ್ಮೊಮ್ಮೆ ಕೈ ನಿಲ್ಲುತ್ತಿತ್ತು. ತಲೆ ಓರೆಯಾಗುತ್ತಿತ್ತು. ಪಕ್ಕದ ಕೋಣೆಯಲ್ಲಿ ಯಾರೋ ಮಾತಾಡುತ್ತಿದ್ದರೆ ಕಿವಿಗೊಡುವ ಹಾಗೆ. ಪಕ್ಕದ ಕೋಣೆಯಲ್ಲಿ ಕಲ್ಲಿದ್ದಲಿನ ಮೂಟೆ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಜನೀನ್‌ಗೆ ಒಂಬತ್ತಾದಾಗ ಒಂದು ದಿನ ಶಾಲೆಯಿಂದ ಬಂದರೆ ತಾಯಿ ಮನೆಯಲ್ಲಿಲ್ಲ. ಅಮ್ಮ ಬ್ಲ್ಯಾಕ್‌ಪೂಲಿಗೆ, ಜನ ರಜೆ ಕಳೆಯಲು ಹೋಗುವ ಕಡಲತೀರದ ಊರಿಗೆ, ಹೋಗಿದ್ದಾಳೆ ಎಂದು ಅತ್ತೆ ಹೇಳಿದರು. ಎಂಟು ತಿಂಗಳು ಯಾರೂ ಬ್ಲ್ಯಾಕ್‌ಪೂಲಿನಲ್ಲಿ ಇರುವುದಿಲ್ಲ ಎಂದು ಒಂಬತ್ತು ವರ್ಷದವಳಿಗೂ ಗೊತ್ತಿತ್ತು. ಗುಡ್ಡದ ಮೇಲಿನ ಆಸ್ಪತ್ರೆಯಿಂದ ಮರಳಿ ಬಂದ ಐರೀನ್ ಮತ್ತೆ ತಲೆ ಓರೆ ಮಾಡಲಿಲ್ಲ. ಹೆಚ್ಚು ಮಾತಾಡಲೂ ಇಲ್ಲ.

"ಏನ್ ಕೇಳಿಸ್ತಿತ್ತಮ್ಮ ಅಂತ ನಾನು ಒಂದಿನಾನೂ ಕೇಳ್ಲಿಲ್ಲ. ಅವಳು ಸಾಯೋ ಹಿಂದಿನ ವಾರ ಪಕ್ಕದಲ್ಲೇ ಕೂತಿದ್ದೆ. ಆಗ್ಲೂ ಕೇಳ್ಲಿಲ್ಲ. ಭಯ. ಅವಳು ಹೇಳಿಬಿಟ್ರೆ ನಂಗೂ ಕೇಳಿಸೋಕೆ ಶುರುವಾಗುತ್ತೇನೋ ಅಂತ" ಎಂದು ಜನೀನ್ ನೆನೆಯುತ್ತಾರೆ.

ಮದುವೆಯಾಗಿ ಮಗಳು ಶಾಲೆಗೆ ಹೋಗುವಂತಾದ ಮೇಲೆ ಜನೀನ್ ಈ ಆಸ್ಪತ್ರೆಗೆ ಸಹಾಯಕಿಯಾಗಿ ಸೇರಿದರು. ಹತ್ತೊಂಬತ್ತು ವರ್ಷ ಅದೇ ಕೆಲಸ. ಮೈ ತೊಳೆಸುವುದು, ಗಂಜಿ ಕುಡಿಸುವುದು, ಕೂದಲು ಬಾಚುವುದು, ಬೈಸಿಕೊಳ್ಳುವುದು. ರೋಗಿಗಳು ವೈದ್ಯರಿಗೆ ಹೇಳದ್ದನ್ನು ಸ್ನಾನದ ಹೊತ್ತಿನಲ್ಲಿ ಇವರಿಗೆ ಹೇಳುತ್ತಿದ್ದರು. ಇವರು ಅದನ್ನು ನರ್ಸಿಗೆ ಹೇಳುತ್ತಿದ್ದರು. ಒಬ್ಬಾಕೆ ನಲವತ್ತು ನಿಮಿಷ ಅಳುತ್ತಾ ಹೇಳಿದ ಕಥೆ ಕಡತದಲ್ಲಿ 'ಭ್ರಮೆ' ಎಂಬ ಒಂದು ಪದವಾಗಿ ಕೂತದ್ದನ್ನು ಕಂಡ ದಿನ ಜನೀನ್ ಮನೆಗೆ ಹೋಗಿ, ವಿಶ್ವವಿದ್ಯಾಲಯದ ಅರ್ಜಿ ತುಂಬಿಸಲು ಮಗಳ ಹತ್ತಿರ ಸಹಾಯ ಕೇಳಿದರು.

ಗಂಡ ನೆವಿಲ್ ಪ್ರವಾಸದ ಬಸ್ ಓಡಿಸುತ್ತಾರೆ. ಮಾತ್ರೆಯ ಲೆಕ್ಕದ ಪರೀಕ್ಷೆಯಲ್ಲಿ ನೂರಕ್ಕೆ ನೂರು ಬಂದರೆ ಮಾತ್ರ ಪಾಸು. ಜನೀನ್ ಮೊದಲ ಸಲ ತೊಂಬತ್ತೆರಡು ತೆಗೆದು ನಪಾಸಾದರು. "ನೀನು ಪಾಸಾಗೋದ್ರೊಳಗೆ ನಾನೇ ಆ ವಾರ್ಡಿಗೆ ಅಡ್ಮಿಟ್ ಆಗಿರ್ತೀನಿ ನೋಡು" ಎಂದು ಗಂಡ ಛೇಡಿಸಿದರಂತೆ. "ಆದ್ರೆ ಒಳ್ಳೇದೇ, ಅಲ್ಲಾದ್ರೂ ಮಾತ್ರೆ ಹೊತ್ತಿಗೆ ಸರಿಯಾಗಿ ನುಂಗ್ತೀಯ" ಎಂದು ಇವರು. ಹಾಗೆ ಛೇಡಿಸಿದವರೇ ಮೂರು ವಾರ ಅಡುಗೆಮನೆಯ ಅಳತೆಯ ಲೋಟದಲ್ಲಿ ನೀರು ಸುರಿದು ಸುರಿದು ಭಿನ್ನರಾಶಿ ಹೇಳಿಕೊಟ್ಟರು.

ಮೊದಲ ವರ್ಷ ತರಗತಿಯಲ್ಲಿ ಒಂದು ಅಭ್ಯಾಸವಿತ್ತು. ಎಲ್ಲರ ಕಿವಿಗೂ ಹೆಡ್‌ಫೋನ್ ಹಾಕಿ, ಅದರಲ್ಲಿ ದನಿಗಳನ್ನು ಕೇಳಿಸುತ್ತಾರೆ. ಪಿಸುಗುಡುವ ದನಿ, ನಗುವ ದನಿ, ಹೆಸರು ಹಿಡಿದು ಕರೆಯುವ ದನಿ. ಅದು ಕೇಳುತ್ತಿರುವಾಗಲೇ ನಲವತ್ತು ನಿಮಿಷ ಬರೆಯಬೇಕು, ಲೆಕ್ಕ ಮಾಡಬೇಕು, ಪಕ್ಕದವರೊಂದಿಗೆ ಮಾತಾಡಬೇಕು. ಹುಡುಗರು ಮೊದಲು ನಕ್ಕರು. ಹತ್ತು ನಿಮಿಷಕ್ಕೆ ನಗು ನಿಂತಿತು. ಇಪ್ಪತ್ತು ನಿಮಿಷಕ್ಕೆ ಒಬ್ಬಳು ಎದ್ದು ಹೊರಗೆ ಓಡಿದಳು. ಜನೀನ್ ಪೆನ್ನು ಕೆಳಗಿಟ್ಟು, ತಲೆ ಓರೆ ಮಾಡಿಕೊಂಡು ಸುಮ್ಮನೆ ಕೂತಿದ್ದರು. ತಾನು ಹಾಗೆ ಕೂತಿದ್ದೇನೆ ಎಂಬುದು ಕಿಟಕಿಯ ಗಾಜಿನಲ್ಲಿ ಕಂಡಿತಂತೆ. "ಗಾಜಿನಲ್ಲಿದ್ದದ್ದು ನನ್ನಮ್ಮ" ಅನ್ನುತ್ತಾರೆ.

ಪಾಠದಲ್ಲಿ ಕಲಿಸುವ ನಿಯಮ ಸರಳ. ರೋಗಿಗೆ ಕೇಳುವ ದನಿಯನ್ನು ಇದೆ ಅನ್ನಬಾರದು, ಇಲ್ಲ ಅನ್ನಲೂ ಬಾರದು. ನನಗೆ ಕೇಳುತ್ತಿಲ್ಲ, ನಿಮಗೆ ಕೇಳುತ್ತಿದೆ ಎಂದು ಗೊತ್ತು, ನಿಮಗೆ ಏನನ್ನಿಸುತ್ತಿದೆ ಎಂದು ಕೇಳಬೇಕು. ಜನೀನ್ ಈ ನಿಯಮವನ್ನು ಎರಡು ವರ್ಷ ಚಾಚೂ ತಪ್ಪದೆ ಪಾಲಿಸಿದರು. ತಪ್ಪಿದ್ದು ಒಂದೇ ಸಲ, ಹೋದ ವರ್ಷದ ನವೆಂಬರಿನಲ್ಲಿ. ಆ ಒಂದು ಸಲದಿಂದ ಅವರ ಪದವಿಯೇ ಕೈತಪ್ಪಿ ಹೋಗುವುದರಲ್ಲಿತ್ತು.

ಆಗ ವಾರ್ಡಿನಲ್ಲಿ ವಿಲ್ಫ್ ಎಂಬ ಹಿರಿಯರಿದ್ದರು. ಎಂಬತ್ತೊಂದು ವರ್ಷ, ಜೀವಮಾನವಿಡೀ ಸೀಗಡಿ ಹಿಡಿದವರು. ಮಂಜು ಬಿದ್ದ ಬೆಳಗ್ಗೆ ಅವರು ತಿಂಡಿ ಮುಟ್ಟುತ್ತಿರಲಿಲ್ಲ, ಕೊಲ್ಲಿಯ ಕಡೆಯ ಕಿಟಕಿ ಬಿಟ್ಟು ಕದಲುತ್ತಿರಲಿಲ್ಲ. ಒಬ್ಬ ಹೆಂಗಸು ಕರೆಯುತ್ತಾಳೆ ಎನ್ನುತ್ತಿದ್ದರು. ಕಡತದಲ್ಲಿ ಹನ್ನೊಂದು ತಿಂಗಳಿನಿಂದ 'ಭ್ರಮೆ' ಎಂಬ ಅದೇ ಪದ ಬರೆದಿತ್ತು. ಆ ಸಲ ಈ ವಾರ್ಡಿಗೆ ತರಬೇತಿಗೆ ಬಂದ ಎರಡನೆಯ ವಾರ ಜನೀನ್ ಅವರ ಪಕ್ಕದಲ್ಲಿ ಮಂಡಿಯೂರಿ ಕೂತು, ಅವರು ನೋಡುತ್ತಿದ್ದ ಕಡೆಗೇ ನೋಡುತ್ತಾ ಕೇಳಿದರು.

"ಏನಂತಾಳೆ ಅವಳು?"

ವಿಲ್ಫ್ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. "ಕೇಳಿಸ್ತಿದ್ಯಾ ಅಂತ ಎಲ್ರೂ ಕೇಳಿದ್ರು. ಏನಂತಾಳೆ ಅಂತ ಯಾರೂ ಕೇಳಿರ್ಲಿಲ್ಲ."

"ಹಾಗಾದ್ರೆ ಹೇಳಿ."

"ಎಲ್ಲಿದೀಯ ಅಂತಾಳೆ. ಅಷ್ಟೇ. ಬೈಯಲ್ಲ. ಬೈದಿದ್ರೆ ಚೆನ್ನಾಗಿತ್ತು."

"ಎಲ್ಲಿಂದ ಕರೀತಾಳೆ?"

"ಹಳೇ ಬಲೆ ಗೂಟ ಇದಾವಲ್ಲ, ಅಲ್ಲಿಂದ. ಮೂರನೇ ಗೂಟ. ಅಲ್ಲೇ ಹುದುಲು, ಕಾಲಿಟ್ರೆ ಒಳಗೆ ಎಳ್ಕೊಳೋ ಮರಳು." ವಿಲ್ಫ್ ಜನೀನ್ ಕಡೆ ತಿರುಗಿದರು. "ನೀನು ಐರೀನ್ ಮಗಳಲ್ವಾ? ಸೀಗಡಿ ಸುಲೀತಿದ್ಲು."

"ಹೌದು."

"ಹಾಗಾದ್ರೆ ನಿನಗೆ ಹೇಳ್ಬೋದು."

ಹೇಳಿದ್ದು ಇಷ್ಟು. ಅರವತ್ತೇಳನೆಯ ಇಸವಿ, ವಿಲ್ಫ್‌ಗೆ ಇಪ್ಪತ್ತನಾಲ್ಕು. ಮದುವೆಯಾಗಿ ಐದು ತಿಂಗಳು. ಹೆಂಡತಿ ಹಿಲ್ಡಾ ನೀರಿಳಿದ ಮರಳಿಗೆ ಬಲೆ ನೋಡಲು ಹೋದಳು. ಅವತ್ತು ವಿಲ್ಫ್‌ಗೆ ಜ್ವರ. ಮಂಜು ಕವಿದರೆ ಮರಳಿಗೆ ಹೋದವರಿಗೆ ದಿಕ್ಕು ತಿಳಿಯಲೆಂದು ದಡದಲ್ಲೊಬ್ಬರು ತಗಡು ಬಡಿಯುತ್ತಾ ನಿಲ್ಲುವುದು ಆಗಿನ ರೂಢಿ. ಮಂಜು ಕವಿಯಿತು. ತಗಡು ವಿಲ್ಫ್ ಕೈಯಲ್ಲೇ ಇತ್ತು. ದಡದ ಗೋಡೆಗೆ ಒರಗಿ ಕೂತವರಿಗೆ ಕಣ್ಣು ಹತ್ತಿಬಿಟ್ಟಿತು. ಎಚ್ಚರವಾದಾಗ ಮಂಜೊಳಗಿಂದ ಅವಳ ದನಿ ಒಂದೇ ಒಂದು ಸಲ ಕೇಳಿತು. ಆಮೇಲೆ ನೀರಿನ ಸದ್ದು. ಹಿಲ್ಡಾ ದೇಹ ಸಿಗಲಿಲ್ಲ. ವರ್ಷಗಳ ನಂತರ ವಿಲ್ಫ್ ಇನ್ನೊಂದು ಮದುವೆಯಾದರು, ಮಗಳು ಹುಟ್ಟಿದಳು. ಆ ಹೆಂಡತಿಗಾಗಲಿ ಮಗಳಿಗಾಗಲಿ ಈ ನಿದ್ದೆಯ ವಿಷಯ ಹೇಳಿರಲಿಲ್ಲ.

ಎಂಟು ದಿನ ಕಳೆಯಿತು. ಒಂಬತ್ತನೆಯ ದಿನ, ಬೆಳಗ್ಗೆ ಏಳು ಇಪ್ಪತ್ತಕ್ಕೆ, ಜನೀನ್ ವಿಲ್ಫ್ ಕೋಣೆಯ ಗಾಜಿನೊಳಗೆ ನೋಡಿದರು. ಹಾಸಿಗೆ ಖಾಲಿ. ಬಚ್ಚಲು ಖಾಲಿ. ತೋಟದ ಬಾಗಿಲು ಸರಿಯಾಗಿ ಮುಚ್ಚಿಕೊಂಡಿರಲಿಲ್ಲ. ಹೊರಗೆ ಕೈ ಚಾಚಿದರೆ ಬೆರಳು ಕಾಣದ ಮಂಜು. ಎಂಟು ಗಂಟೆಗೆ ಉಬ್ಬರ.

ಅವತ್ತಿನ ಮುಖ್ಯ ನರ್ಸ್ ರುಟೆಂಡೊ ಚಿಗುಂಬಾ. ಜಿಂಬಾಬ್ವೆಯವರು, ಹದಿನೇಳು ವರ್ಷದ ಅನುಭವ, ಜನೀನ್‌ಗೆ ವಾರ್ಡಿನಲ್ಲಿ ಗುರು. ಅವರು ಆಗಲೇ ಕರಾವಳಿ ಕಾವಲಿನವರಿಗೆ ಫೋನ್ ಮಾಡುತ್ತಿದ್ದರು. "ಎಲ್ಲಿ ಅಂತ ಹೇಳ್ಲಿ? ಐದು ಮೈಲಿ ಮರಳು!" ಎಂದು ಫೋನ್ ಹಿಡಿದೇ ಕೂಗಿದರು.

"ಹಳೇ ಬಲೆ ಗೂಟ. ಮೂರನೇದು" ಎಂದರು ಜನೀನ್.

"ನಿನಗೆ ಹೇಗೆ ಗೊತ್ತು?"

"ಅವರೇ ಹೇಳಿದಾರೆ."

ಕಾವಲಿನವರು ಬರಲು ಇಪ್ಪತ್ತೈದು ನಿಮಿಷ ಬೇಕು. ಗೂಟಗಳು ದಡದ ತಡೆಗೋಡೆಯಿಂದ ಮುನ್ನೂರು ಗಜ. ವಿದ್ಯಾರ್ಥಿಗಳು ಅನುಮತಿಯಿಲ್ಲದೆ ವಾರ್ಡು ಬಿಡುವಂತಿಲ್ಲ, ಮರಳಿಗಂತೂ ಯಾರೂ ಇಳಿಯುವಂತಿಲ್ಲ. ಜನೀನ್ ಕೇಳಲು ನಿಲ್ಲಲಿಲ್ಲ. ಹಿಂದೆಯೇ ಓಡಿ ಬಂದ ರುಟೆಂಡೊ ಗೋಡೆಯ ಹತ್ತಿರ ಅವರ ತೋಳು ಹಿಡಿದರು.

"ಹೋಗ್ಬೇಡ. ನಿನ್ನ ಓದು ಹಾಳಾಗುತ್ತೆ. ನಿನ್ನ ಜೀವಾನೂ."

"ನಾನು ಇದೇ ಮರಳಲ್ಲಿ ಆಡಿದೋಳು. ನೀವು ಇಲ್ಲಿ ನಿಂತು ಏನಾದ್ರೂ ಬಡೀತಾ ಇರಿ. ದೇವರಾಣೆ, ನಿಲ್ಲಿಸ್ಬೇಡಿ."

ರುಟೆಂಡೊ ಕೈಯಲ್ಲಿ, ಗಾಬರಿಗೆ ಹಿಡಿದುಕೊಂಡೇ ಬಂದಿದ್ದ ಚಹಾದ ತಗಡಿನ ಟ್ರೇ ಇತ್ತು. ಅದನ್ನೇ ಗೋಡೆಯ ಕಲ್ಲಿಗೆ ಬಡಿಯತೊಡಗಿದರು.

ಮರಳಿನ ಮೇಲೆ ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಗೋಡೆ ಮಾಯವಾಯಿತು. ಮೇಲೂ ಬಿಳುಪು, ಕೆಳಗೂ ಬಿಳುಪು. ಟ್ರೇಯ ಸದ್ದು ಬೆನ್ನಿಗೆ ಬೀಳುವಂತೆ ನೋಡಿಕೊಂಡು ಜನೀನ್ ನಡೆದರು. ಮೊದಲ ಗೂಟ. ಎರಡನೆಯದು. ಪಾದದ ಕೆಳಗೆ ನೀರು ಆಗಲೇ ಮೆಲ್ಲಗೆ ಹರಿಯುತ್ತಿತ್ತು. ಮೂರನೆಯ ಗೂಟದ ಪಕ್ಕ ವಿಲ್ಫ್ ನಿಂತಿದ್ದರು. ಮಲಗುವ ಬಟ್ಟೆ, ಮೇಲೊಂದು ಸ್ವೆಟರ್, ಮೊಣಕಾಲಿನ ತನಕ ನೀರು. ಸಮುದ್ರದ ಕಡೆ ಮುಖ.

ಜನೀನ್ ಅವರನ್ನು ಮುಟ್ಟಲಿಲ್ಲ. ಮುಟ್ಟಿದರೆ ಮುಂದಕ್ಕೆ ಹೋಗಿಬಿಡುತ್ತಾರೆ ಅನ್ನಿಸಿತು. ಸುಮ್ಮನೆ ಪಕ್ಕದಲ್ಲಿ ನಿಂತರು. ಆಗ ಕೇಳಿತು.

"ಹೆಂಗಸಿನ ದನಿ. ಹತ್ರದಿಂದ. ಈ ಟೇಬಲ್ಲಿಂದ ಆ ಬಾಗಿಲಷ್ಟು ದೂರ" ಎಂದು ಅವರು, ತಮ್ಮ ಮನೆಯಲ್ಲಿ ಕೂತು ಇದನ್ನು ಹೇಳುತ್ತಾ, ನನಗೆ ಅಡುಗೆಮನೆಯ ಬಾಗಿಲು ತೋರಿಸುತ್ತಾರೆ. "ಟೀಲ್ ಅಂತು. ಒಂದು ಸಲ. ಆಮೇಲೆ ಇನ್ನೊಂದು ಸಲ, ಸ್ವಲ್ಪ ಉದ್ದಕ್ಕೆ, ಟೀಽಲ್ ಅಂತು. ವಿಲ್ಫ್ ಒಂದು ಹೆಜ್ಜೆ ಮುಂದಕ್ಕೆ ಇಟ್ರು."

ಟೀಲ್ ಅಂದರೆ ಇಲ್ಲಿಯ ಜೌಗಿನಲ್ಲಿರುವ ಸಣ್ಣ ಬಾತುಕೋಳಿ. ಅದನ್ನೇಕೆ ಯಾರಾದರೂ ಕರೆಯುತ್ತಾರೆ ಎಂದು ಯೋಚಿಸಲು ಹೊತ್ತಿರಲಿಲ್ಲ. ಎರಡು ವರ್ಷ ಕಲಿತ ನಿಯಮ ಆ ಕ್ಷಣಕ್ಕೆ ತಲೆಯಿಂದ ಹೊರಟುಹೋಯಿತು. ಜನೀನ್ ಮಂಜಿನ ಕಡೆ ತಿರುಗಿ, ಬಾಗಿಲಿಗೆ ಬಂದ ನೆರೆಮನೆಯವಳೊಂದಿಗೆ ಮಾತಾಡುವ ಹಾಗೆ ಮಾತಾಡಿದರು.

"ನೋಡು ತಾಯಿ, ಅವ್ರು ಇಲ್ಲೇ ಇದಾರೆ. ಎಲ್ಲೂ ಹೋಗಿಲ್ಲ. ಇನ್ನೂ ತಿಂಡಿ ತಿಂದಿಲ್ಲ, ಕಾಲೆಲ್ಲ ಐಸ್ ಆಗಿದೆ. ನಾನು ಒಳಗೆ ಕರ್ಕೊಂಡು ಹೋಗ್ತೀನಿ. ಬೇಜಾರು ಮಾಡ್ಕೋಬೇಡ."

ಮಂಜು ಸುಮ್ಮನಾಯಿತು. ಹಕ್ಕಿಯ ಸದ್ದೂ ಇಲ್ಲ. ವಿಲ್ಫ್ ಮೊದಲ ಬಾರಿಗೆ ಜನೀನ್ ಇರುವುದನ್ನು ಗಮನಿಸಿದವರಂತೆ ಅವರ ಮುಖ ನೋಡಿದರು. ಜನೀನ್ ಕೈ ಚಾಚಿದರು, ವಿಲ್ಫ್ ಹಿಡಿದುಕೊಂಡರು. ಮರಳುವ ದಾರಿಗೆ ಜನೀನ್ ಟ್ರೇಯ ಸದ್ದಿಗೆ ಕಿವಿಗೊಟ್ಟರು. ಸದ್ದು ಬರುತ್ತಿತ್ತು. ಆದರೆ ಎರಡು ಕಡೆಯಿಂದ. ಒಂದು ಎಡಗಡೆ, ಒಂದು ಬಲಗಡೆ. ಎರಡೂ ಒಂದೇ ತಾಳ. ಎರಡೂ ತಗಡಿನ ಸದ್ದೇ.

ನೀರು ಮೊಣಕಾಲು ದಾಟಿತ್ತು. ಜನೀನ್ ಬಲಕ್ಕೆ ತಿರುಗಿದರು. ಆ ಸದ್ದು ಹೆಚ್ಚು ಹತ್ತಿರವಿತ್ತು.

"ಅದಲ್ಲ ಹುಡುಗಿ" ಎಂದರು ವಿಲ್ಫ್. ದನಿಯಲ್ಲಿ ನಡುಕವೇ ಇರಲಿಲ್ಲ. "ಅದು ಇವತ್ತಿನದಲ್ಲ. ಆ ಕಡೆ ಹುದುಲು. ಈ ಕಡೆ ಬಾ."

ಕರೆತರಲು ಹೋದವರನ್ನು ಆ ಹಿರಿಯರು ಕೈ ಹಿಡಿದು ಎಡಕ್ಕೆ ನಡೆಸಿಕೊಂಡು ಬಂದರು. ಸೊಂಟದ ಮಟ್ಟದ ಕಾಲುವೆಯೊಂದನ್ನು ಎಲ್ಲಿ ದಾಟಬೇಕೆಂದು ಅವರಿಗೆ ಗೊತ್ತಿತ್ತು. ಮಂಜಿನಿಂದ ಮೊದಲು ಗೋಡೆ ಹೊರಬಂತು, ಆಮೇಲೆ ರುಟೆಂಡೊ. ಅವರು ಅಳುತ್ತಾ ಟ್ರೇ ಬಡಿಯುತ್ತಿದ್ದರು. ಟ್ರೇ ಬಗ್ಗಿ ಬೋಗುಣಿಯ ಹಾಗಾಗಿತ್ತು. ಕಾವಲಿನವರ ದೀಪ ದೂರದಲ್ಲಿ ಕಾಣುತ್ತಿತ್ತು.

ವಾರ್ಡಿನಲ್ಲಿ ವಿಲ್ಫ್ ಕಾಲನ್ನು ಬಿಸಿನೀರಿನಲ್ಲಿಟ್ಟು ಒರೆಸುವಾಗ ಜನೀನ್ ಕೇಳಿದರು. "ಟೀಲ್ ಅಂದ್ರೆ ಏನು, ವಿಲ್ಫ್?"

ವಿಲ್ಫ್ ಚಹಾದ ಬಟ್ಟಲನ್ನು ಕೆಳಗಿಟ್ಟರು. "ನಾನು ಕುಳ್ಳ ಅಲ್ವಾ. ಅವಳೊಬ್ಳೇ ಹಾಗೆ ಕರೀತಿದ್ದದ್ದು" ಎಂದರು. "ನಿನಗೆ ಯಾರು ಹೇಳಿದ್ರು?"

ಆ ಹೆಸರು ಕಡತದಲ್ಲಿರಲಿಲ್ಲ. ವಿಲ್ಫ್ ಮಗಳಿಗೂ ಗೊತ್ತಿರಲಿಲ್ಲ.

ನಡೆದದ್ದನ್ನು ಬರೆದು ವಿಶ್ವವಿದ್ಯಾಲಯಕ್ಕೆ ಕೊಡುವುದು ವಿದ್ಯಾರ್ಥಿಗಳ ಕೆಲಸದ ಭಾಗ. ಜನೀನ್ ಏಳು ಪುಟ ಬರೆದರು. ದನಿ ಕೇಳಿದ್ದನ್ನೂ ಬರೆದರು, ಎರಡನೆಯ ತಗಡನ್ನೂ ಬರೆದರು. ಓದಿದ ಅಧ್ಯಾಪಕಿ ಡಾ. ಇಮೊಜೆನ್ ಕ್ರಾಬ್‌ಟ್ರೀ ಅವರನ್ನು ಕೋಣೆಗೆ ಕರೆಸಿ ಬಾಗಿಲು ಮುಚ್ಚಿದರು.

"ಜನೀನ್, ಐದನೇ ಪುಟ ತೆಗೆದ್ಬಿಡಿ. ಉಳಿದದ್ದು ನಿಮ್ಮ ತರಗತಿಯಲ್ಲೇ ಒಳ್ಳೇ ಬರಹ."

"ತೆಗೆದ್ರೆ ಏನಾಗುತ್ತೆ?"

"ಏನೂ ಆಗಲ್ಲ. ಹಕ್ಕಿ ಕೂಗಿರುತ್ತೆ. ಗೋಡೆಗೆ ಬಡಿದು ಸದ್ದು ಮರುಕಳಿಸಿರುತ್ತೆ. ಮಂಜಲ್ಲಿ ಹೀಗೆಲ್ಲ ಆಗುತ್ತೆ."

"ಇದ್ದರೂ ಇರ್ಬೋದು. ತೆಗೀದಿದ್ರೆ?"

"ಆಗ ನಾನು ಓದಿಲ್ಲ ಅನ್ನೋಕೆ ಆಗಲ್ಲ. ಮೇಲಿನವರಿಗೆ ತಿಳಿಸ್ಲೇಬೇಕಾಗುತ್ತೆ."

ಜನೀನ್ ತೆಗೆಯಲಿಲ್ಲ. ಯಾಕೆ ಎಂದು ಕೇಳಿದರೆ ಅವರಿಗೆ ಈಗಲೂ ಸ್ವಲ್ಪ ಸಿಟ್ಟು ಬರುತ್ತದೆ. "ನಿಮಗೆ ಏನು ಕೇಳಿಸ್ತೋ ಹೇಳಿ, ನಾಚ್ಕೋಬೇಡಿ, ಭಯ ಪಡ್ಬೇಡಿ ಅಂತ ದಿನಾ ಹದಿನಾರು ಜನಕ್ಕೆ ಹೇಳೋಳು ನಾನು. ನನ್ನ ಸರದಿ ಬಂದಾಗ ಹಾಳೆ ಹರಿದು ಹಾಕಿದ್ರೆ, ಆಮೇಲೆ ಯಾವ ಮುಖ ಇಟ್ಕೊಂಡು ಆ ಗಾಜಲ್ಲಿ ನೋಡ್ಲಿ?"

ಐದು ವಾರ ವಾರ್ಡಿಗೆ ಬರಬೇಡಿ ಎಂದು ಪತ್ರ ಬಂತು. ವೈದ್ಯರೊಬ್ಬರು ಎರಡು ಸಲ ಪರೀಕ್ಷಿಸಿದರು. ಮನೆಯಲ್ಲಿ ಯಾರಿಗಾದರೂ ಹೀಗೆ ಕೇಳಿಸುತ್ತಿತ್ತೇ ಎಂದು ಅವರು ಕೇಳಿದಾಗ, ನಲವತ್ತಮೂರು ವರ್ಷ ಯಾರಿಗೂ ಹೇಳದ ಬ್ಲ್ಯಾಕ್‌ಪೂಲಿನ ಸುಳ್ಳನ್ನು ಜನೀನ್ ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದರು. ವೈದ್ಯರು ಬರೆದುಕೊಂಡರು. ಪೆನ್ನಿನ ಸದ್ದು ಬಹಳ ಹೊತ್ತು ಕೇಳಿತಂತೆ.

ಆ ಐದು ವಾರ ಅವರ ಬದುಕಿನಲ್ಲೇ ಕೆಟ್ಟ ದಿನಗಳು. ಖಾಲಿ ಮನೆಯಲ್ಲಿ ಕೂತು ತನ್ನ ಕಿವಿಯನ್ನೇ ಕಾಯುವ ಕೆಲಸ. ಕೆಟಲ್ ಕುದಿಯುವ ಮೊದಲು ಪಿಸುಗುಟ್ಟಿದಂತೆ ಆಗುವುದು. ನಲ್ಲಿ ತೊಟ್ಟಿಕ್ಕುವುದರಲ್ಲಿ ಒಂದು ಹೆಸರು ಇದೆಯೇನೋ ಅನ್ನಿಸುವುದು. ಒಂದು ಮಧ್ಯಾಹ್ನ ಜನೀನ್ ಫ್ರಿಜ್ಜಿನ ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದನ್ನು ಕೆಲಸ ಮುಗಿಸಿ ಬಂದ ನೆವಿಲ್ ನೋಡಿದರು. ಕೋಟು ಬಿಚ್ಚದೆ ಅವರೂ ಬಂದು ಇನ್ನೊಂದು ಕಡೆ ಕಿವಿಯಿಟ್ಟರು.

"ಗೊರಗೊರ ಅಂತಿದೆ ಕಣೇ" ಎಂದರು. "ನಂಗೂ ಕೇಳಿಸ್ತಿದೆ. ಹದಿನಾಲ್ಕು ವರ್ಷದ ಫ್ರಿಜ್ಜು, ಗೊರಗೊರ ಅನ್ನದೆ ಇನ್ನೇನು ಹಾಡು ಹೇಳುತ್ತಾ?"

ಜನೀನ್ ನಕ್ಕರು, ಆಮೇಲೆ ಅತ್ತರು. ಅವತ್ತಿನಿಂದ ಫ್ರಿಜ್ಜು ಬರೀ ಫ್ರಿಜ್ಜಾಯಿತು.

ಮೂವರ ಸಮಿತಿಯ ಮುಂದೆ ಜನೀನ್ ನಿಂತ ದಿನ ರುಟೆಂಡೊ ರಜೆ ಹಾಕಿ ಬಂದಿದ್ದರು, ಬಗ್ಗಿದ ಟ್ರೇ ಸಮೇತ. "ಇವಳು ಹೋಗದಿದ್ದರೆ ನಾವು ಇವತ್ತು ಬೇರೆ ವಿಚಾರಣೆಯಲ್ಲಿ ಕೂತಿರ್ತಿದ್ವಿ" ಎಂದರು. "ಆ ಗೂಟ ಎಲ್ಲಿದೆ ಅಂತ ಹನ್ನೊಂದು ತಿಂಗಳಲ್ಲಿ ನಾನೇ ಕೇಳಿರ್ಲಿಲ್ಲ. ತಪ್ಪು ಬರ್ಕೊಳೋದಾದ್ರೆ ನನ್ನ ಹೆಸರಲ್ಲೂ ಬರ್ಕೊಳ್ಳಿ." ಸಮಿತಿಯಲ್ಲಿದ್ದ ಒಬ್ಬರು ಜನೀನ್ ಅವರನ್ನು ನೇರವಾಗಿ ಕೇಳಿದರು, ನೀವು ಕೇಳಿದ್ದು ನಿಜವಾದ ದನಿಯೇ ಎಂದು.

"ನಂಗೆ ಗೊತ್ತಿಲ್ಲ" ಎಂದರು ಜನೀನ್. "ಕೇಳಿಸ್ತು ಅನ್ನೋದು ಗೊತ್ತು."

ಅನುಮತಿಯಿಲ್ಲದೆ ಮರಳಿಗೆ ಇಳಿದದ್ದಕ್ಕೆ ಎಚ್ಚರಿಕೆ ಸಿಕ್ಕಿತು. ವೈದ್ಯರ ವರದಿಯಲ್ಲಿ ಆರೋಗ್ಯಕ್ಕೆ ಯಾವ ತೊಂದರೆಯೂ ಕಾಣಲಿಲ್ಲ, ಓದು ಮುಂದುವರಿಸಬಹುದು. ದನಿಯ ವಿಷಯದಲ್ಲಿ, ದಣಿವು ಮತ್ತು ಮಂಜಿನಿಂದಾದ ಕಿವಿಯ ತಪ್ಪು ಎಂದು ಸಮಿತಿ ಬರೆಯಿತು. ಸಹಿ ಮಾಡಬೇಕಿದ್ದ ಜಾಗದಲ್ಲಿ ಜನೀನ್ ಸಹಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಸೇರಿಸಿದರು: 'ನಾನು ಅವತ್ತು ದಣಿದಿರಲಿಲ್ಲ.' ಯಾರೂ ಅದನ್ನು ಅಳಿಸಲಿಲ್ಲ. ಏಳು ಪುಟದ ಬರಹಕ್ಕೆ ಡಾ. ಕ್ರಾಬ್‌ಟ್ರೀ ಎಪ್ಪತ್ತೆಂಟು ಅಂಕ ಕೊಟ್ಟರು, ಐದನೆಯ ಪುಟದ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ.

ವಿಲ್ಫ್ ಈಗ ವಾರ್ಡಿನಲ್ಲಿಲ್ಲ. ನವೆಂಬರಿನ ನಂತರ ಅವರಿಗೆ ಯಾರೂ ಕರೆದದ್ದು ಕೇಳಿಲ್ಲ. ಮಂಜಿನ ದಿನವೂ ಎರಡು ಮೊಟ್ಟೆ, ಒಂದು ಸಾಸೇಜು ತಿನ್ನುತ್ತಾರೆ, ಮಗಳ ಮನೆಯ ಹತ್ತಿರದ ವೃದ್ಧಾಶ್ರಮದಲ್ಲಿದ್ದಾರೆ. ಹೊರಡುವ ದಿನ ಅವರು ಜನೀನ್ ಅವರನ್ನು ಹತ್ತಿರಕ್ಕೆ ಕರೆದು, ಮಗಳಿಗೆ ಕೇಳಿಸದ ಹಾಗೆ ಕೇಳಿದರಂತೆ:

"ಅವಳು ಈಗ ನಿನ್ನ ಹತ್ರ ಬರ್ತಾಳಾ?"

"ಇಲ್ಲ ವಿಲ್ಫ್."

"ಬಂದ್ರೆ, ಕಣ್ಣು ಹತ್ತಿಬಿಟ್ಟಿತ್ತು ಅಂತ ಹೇಳು. ಬೇಕು ಅಂತ ಮಾಡ್ಲಿಲ್ಲ ಅಂತ ಹೇಳು."

"ಹೇಳ್ತೀನಿ."

ಆಮೇಲೆ ಬಂದಳೇ ಎಂದು ನಾನೂ ಕೇಳಿದೆ. ಕೇಳಬಾರದಿತ್ತೇನೋ. ಜನೀನ್ ಮೇಜಿನ ಮೇಲಿದ್ದ ಚೀಟಿಗಳನ್ನು ಒಟ್ಟು ಮಾಡಿ ರಬ್ಬರ್ ಬ್ಯಾಂಡ್ ಹಾಕುತ್ತಾರೆ. "ಬಸ್ ಸ್ಟಾಪಿಂದ ಕೊಲ್ಲಿ ಕಾಣುತ್ತೆ. ಮಂಜಿರೋ ದಿನ ಮಿಕ್ಕವರೆಲ್ಲ ಟೋಪಿ ಕಿವಿ ಮೇಲೆ ಎಳ್ಕೋತಾರೆ. ನಾನು ಎಳ್ಕೊಳಲ್ಲ. ಅಷ್ಟೇ ಹೇಳ್ತೀನಿ."

ಜೂನ್ ತಿಂಗಳಿಗೆ ಓದು ಮುಗಿಯುತ್ತದೆ. ಇನ್ನು ನೂರ ಎಂಬತ್ತು ಗಂಟೆಯ ವಾರ್ಡು ಕೆಲಸ, ಒಂದು ದೊಡ್ಡ ಪ್ರಬಂಧ. ಇದೇ ವಾರ್ಡಿನಲ್ಲಿ ಕೆಲಸ ಕೊಡುವುದಾಗಿ ಹೇಳಿದ್ದಾರೆ. ಹತ್ತೊಂಬತ್ತು ವರ್ಷ ಸ್ನಾನ ಮಾಡಿಸಿದ ಜಾಗದಲ್ಲೇ ಇನ್ನು ಕಡತ ಬರೆಯುವವರು ಅವರು. ನರ್ಸ್ ಆದ ಮೇಲೆ ಮೊದಲು ಏನು ಮಾಡಬೇಕೆಂದಿದ್ದೀರಿ ಎಂದು ಕೇಳುತ್ತೇನೆ. ದೊಡ್ಡ ಉತ್ತರ ಬರಬಹುದು ಎಂದು ಪೆನ್ನು ಹಿಡಿದು ಕಾಯುತ್ತೇನೆ.

"ಕುರ್ಚಿ ಕೇಳ್ಬೇಕು" ಅನ್ನುತ್ತಾರೆ.

"ಕುರ್ಚಿ?"

"ಒಂದೊಂದು ಕೋಣೇಲೂ ಒಂದೇ ಕುರ್ಚಿ ಇರೋದು. ಅದರ ಮೇಲೆ ಅವರ ಬಟ್ಟೆ ಇರುತ್ತೆ. ನಾವು ಬಾಗಿಲಲ್ಲಿ ನಿಂತೇ ಮಾತಾಡ್ಸಿ ಹೋಗ್ತೀವಿ. ನಿಂತು ಕೇಳಿದ್ರೆ ಯಾರು ಹೇಳ್ತಾರೆ? ಹದಿನಾರು ಕುರ್ಚಿ ಸಾಕು. ಹಳೇವಾದ್ರೂ ಪರ್ವಾಗಿಲ್ಲ, ಕಾಲು ಗಟ್ಟಿ ಇದ್ರೆ ಆಯ್ತು."